ಸಂಗಾತಿಯ ಕಣ್ಣು ನಿಮ್ಮ ದುಡ್ಡಿನ ಮೇಲಿದೆ ಅನ್ನಿಸಿದರೆ: ದಾವಣಗೆರೆಯ ಹುಡುಗ ಹುಡುಗಿಯರಿಗೆ ಒಂದು ಮಾರ್ಗದರ್ಶಿ

ದಾವಣಗೆರೆಯಲ್ಲಿ ಯಾರ ಕೈಗೆ ಯಾವಾಗ ದುಡ್ಡು ಬಂತು ಅನ್ನೋದು ಬಹಳ ದಿನ ಗುಟ್ಟಾಗಿ ಉಳಿಯುವುದಿಲ್ಲ. ಚನ್ನಗಿರಿ ಕಡೆಯವರ ಅಡಿಕೆ ಮಾರಾಟವಾದ ವಾರ, ಎಪಿಎಂಸಿಗೆ ಮೆಕ್ಕೆಜೋಳದ ಲೋಡು ಬಂದ ದಿನ, ಮಂಡಿಪೇಟೆಯ ಅಂಗಡಿಗೆ ಹಬ್ಬದ ವ್ಯಾಪಾರ ಕೂಡಿಬಂದ ತಿಂಗಳು, ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವ ಹುಡುಗಿಯ ಸಂಬಳದ ತಾರೀಖು, ಇವೆಲ್ಲ ಹತ್ತಿರದವರಿಗೆ ಗೊತ್ತೇ ಇರುತ್ತವೆ. 'ನಮ್ಮ ಹತ್ರ ಏನೈತಿ ಅಂತ ಯಾರಾದ್ರೂ ಹಿಂದೆ ಬರ್ತಾರೆ' ಎಂದು ನಿರಾಳವಾಗಿರಬೇಡಿ. ಹಣಕ್ಕಾಗಿ ಹತ್ತಿರ ಬರುವವರಿಗೆ ಕೋಟ್ಯಧಿಪತಿಗಳೇ ಬೇಕಿಲ್ಲ. ತಿಂಗಳಿಗೆ ₹18,000 ಸಂಬಳದ ನರ್ಸ್ ಸಾಕು, ಯಾಕೆಂದರೆ ಅವಳ ಸಂಬಳ ತಪ್ಪದೆ ಬರುತ್ತದೆ, ಅವಳ ಕತ್ತಿನಲ್ಲಿ ಒಂದು ಚೈನಿರುತ್ತದೆ, ಅವಳ ಹೆಸರಿಗೆ ಸಾಲ ಹುಟ್ಟುತ್ತದೆ.

ನಾನು ಸಹಕಾರಿ ಬ್ಯಾಂಕೊಂದರ ಸಾಲದ ವಿಭಾಗದಲ್ಲಿ ಕೆಲಸ ಮಾಡುವವಳು. ಒಡವೆ ಗಿರವಿ ಇಡಲು ಒಬ್ಬರೇ ಬಂದು, ರಸೀದಿಯನ್ನು ಪರ್ಸಿನ ಒಳಜೇಬಿಗೆ ಸೇರಿಸಿಕೊಂಡು ಹೋಗುವ ಹುಡುಗಿಯರನ್ನು ನೋಡುತ್ತೇನೆ. 'ನಾನು ಬರೀ ಸಹಿ ಹಾಕಿದ್ದು ಮೇಡಂ, ದುಡ್ಡು ತಗೊಂಡಿದ್ದು ಅವಳು' ಎನ್ನುತ್ತ ನೋಟಿಸ್ ಹಿಡಿದು ಬರುವ ಹುಡುಗರನ್ನೂ ನೋಡುತ್ತೇನೆ. ಇವರ ಮಾತು ಕೇಳುತ್ತ ನನಗೆ ಮನವರಿಕೆಯಾದದ್ದು ಇಷ್ಟು: ಇವರನ್ನು ಕೆಡಿಸಿದ್ದು ಪ್ರೀತಿಯಲ್ಲ, ದುಡ್ಡೂ ಅಲ್ಲ. ಯಾರಿಗೂ ಹೇಳದೆ ಕೊಟ್ಟದ್ದು ಕೆಡಿಸಿತು. ಮುಂದೆ ಹೇಳುವ ಎಲ್ಲ ಹೆಜ್ಜೆಗಳೂ ಆ ಗುಟ್ಟನ್ನು ಬಿಚ್ಚುವುದಕ್ಕೇ.

ಹೆಜ್ಜೆ 1: ಕಷ್ಟ ಯಾವುದು, ದುರಾಸೆ ಯಾವುದು ಎಂದು ಬೇರೆ ಮಾಡಿ

ಈ ಹೆಜ್ಜೆ ಬಿಟ್ಟು ಮುಂದಕ್ಕೆ ಹೋಗಬೇಡಿ. ದುಡ್ಡು ಕೇಳಿದವರೆಲ್ಲ ದುಡ್ಡಿಗಾಗಿ ಬಂದವರಲ್ಲ. ಜಗಳೂರಿನ ಒಣಬೇಸಾಯದ ಮನೆಯಿಂದ ಬಂದು ವಿದ್ಯಾನಗರದ ಪಿಜಿಯಲ್ಲಿರುವ ಹುಡುಗನಿಗೆ, ಊರಲ್ಲಿ ಬೋರ್‌ವೆಲ್ ಬತ್ತಿದ ವರ್ಷ, ಪರೀಕ್ಷೆ ಫೀಸಿಗೆ ₹4,000 ಕಡಿಮೆ ಬೀಳಬಹುದು. ಅಮ್ಮನ ಆಪರೇಷನ್‌ಗೆ ಹಣ ಹೊಂದಿಸುತ್ತಿರುವ ಹುಡುಗಿ ನಿಮ್ಮ ಹತ್ತಿರವಲ್ಲದೆ ಇನ್ಯಾರ ಹತ್ತಿರ ಕೇಳಬೇಕು? ಬಡವರ ಮಕ್ಕಳ ಪ್ರೀತಿಯನ್ನು ಮೊದಲ ಕೈಗಡಕ್ಕೇ ಅನುಮಾನಿಸುವ ಚಾಳಿ ನಮ್ಮಲ್ಲಿದೆ. ಅದರ ಹಿಂದೆ ಬಹಳ ಸಲ ಜಾತಿ, ಅಂತಸ್ತಿನ ಲೆಕ್ಕ ಇರುತ್ತದೆ. ಮನೆಯವರು 'ಅವನು ನಿಮ್ಮಪ್ಪನ ತೋಟ ನೋಡಿ ಬಂದಾನೆ' ಅಂದ ಮಾತ್ರಕ್ಕೆ ಅದು ಸತ್ಯವಾಗುವುದಿಲ್ಲ. ಹುಡುಗ ಬೇರೆ ಜಾತಿಯವನಾಗಿದ್ದರೆ ಈ ಮಾತು ಇನ್ನೂ ಬೇಗ ಬರುತ್ತದೆ. ಕಾರಿನಲ್ಲಿ ಓಡಾಡುವವರು, ಒಳ್ಳೆ ಮನೆತನದವರು ಅನ್ನಿಸಿಕೊಂಡವರೂ ದುಡ್ಡಿಗಾಗಿಯೇ ಗಂಟು ಬೀಳುತ್ತಾರೆ. ಅವರ ಮೇಲೆ ಮಾತ್ರ ಯಾರಿಗೂ ಅನುಮಾನ ಬರುವುದಿಲ್ಲ.

ಹಾಗಾದರೆ ಏನು ನೋಡಬೇಕು? ಕೇಳುವ ರೀತಿ ನೋಡಿ. ನಿಜವಾದ ಕಷ್ಟಕ್ಕೆ ಒಂದು ಮೊತ್ತ ಇರುತ್ತದೆ, ಒಂದು ಕಾರಣ ಇರುತ್ತದೆ, ಆ ಕಾರಣಕ್ಕೆ ಒಂದು ಕೊನೆ ಇರುತ್ತದೆ. ಫೀಸು ಕಟ್ಟಿದ ರಸೀದಿಯನ್ನು ನೀವು ಕೇಳದೆಯೇ ಕಳಿಸುತ್ತಾರೆ. ತೀರಿಸಲು ಆಗದಿದ್ದಾಗ ತಾವೇ ಆ ಮಾತು ಎತ್ತುತ್ತಾರೆ, ₹500 ಆದರೂ ಹಿಂದಕ್ಕೆ ಹಾಕುತ್ತಾರೆ. ದುರಾಸೆಯ ಕಾರಣಗಳು ಮಾತ್ರ ಬದಲಾಗುತ್ತಲೇ ಇರುತ್ತವೆ. ಹೋದ ತಿಂಗಳು ಬೈಕ್ ರಿಪೇರಿ, ಈ ತಿಂಗಳು ಗೆಳೆಯನ ಕೇಸು, ಮುಂದಿನ ತಿಂಗಳು ಹೊಸ ಬಿಸಿನೆಸ್. ಹಳೆಯದು ಏನಾಯಿತು ಎಂದು ಕೇಳಿದರೆ 'ನೀನು ಲೆಕ್ಕ ಕೇಳ್ತೀಯಾ?' ಎಂಬ ಮುನಿಸು. ಇನ್ನೊಂದನ್ನೂ ಗಮನಿಸಿ. ದುಡ್ಡಿಲ್ಲದವರು ಬೇರೆ ಏನು ಕೊಡುತ್ತಾರೆ? ಜ್ವರ ಬಂದಾಗ ಗಂಜಿ ಮಾಡಿ ಹಿಡಿದು ಬರುವವರು, ನಿಮ್ಮ ಇಂಟರ್‌ವ್ಯೂ ದಿನ ಬಸ್‌ಸ್ಟ್ಯಾಂಡಿಗೆ ಬಂದು ನಿಲ್ಲುವವರು, ನಿಮ್ಮ ಅಪ್ಪನ ಶುಗರ್ ರಿಪೋರ್ಟ್ ಬಗ್ಗೆ ಮರೆಯದೆ ವಿಚಾರಿಸುವವರು ನಿಮ್ಮಿಂದ ಒಮ್ಮೆ ದುಡ್ಡು ತಗೊಂಡಿರಬಹುದು. ಅಂಥವರನ್ನು ಈ ಲೇಖನ ಓದಿ ಕಳೆದುಕೊಳ್ಳಬೇಡಿ.

ಹೆಜ್ಜೆ 2: ಲೆಕ್ಕ ಬರೆಯಿರಿ

ಮನಸ್ಸಿನ ಲೆಕ್ಕ ಯಾವಾಗಲೂ ಕಡಿಮೆ ತೋರಿಸುತ್ತದೆ. 'ಅಲ್ಲೊಂದು ಇಲ್ಲೊಂದು ಕೊಟ್ಟಿರಬಹುದು' ಅನ್ನುವವರು ಬರೆಯುತ್ತ ಹೋದರೆ ಮೊತ್ತ ₹60,000 ದಾಟಿರುತ್ತದೆ. ಒಂದು ನೋಟ್‌ಬುಕ್ ತಗೊಂಡು ಕಳೆದ ಆರು ತಿಂಗಳ ಲೆಕ್ಕ ಬರೆಯಿರಿ. ಫೋನ್‌ಪೇ, ಗೂಗಲ್ ಪೇಗಳಲ್ಲಿ ಆ ಹೆಸರು ಒತ್ತಿದರೆ ಅವರಿಗೆ ಕಳಿಸಿದ್ದು, ಅವರಿಂದ ಬಂದದ್ದು ಎರಡೂ ತಾರೀಖಿನ ಸಮೇತ ಕಾಣುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಆ್ಯಪ್‌ನಲ್ಲೇ ಸಿಗುತ್ತದೆ. ಇದಕ್ಕೆ ಕೈಯಲ್ಲಿ ಕೊಟ್ಟ ನಗದು, ಮಾಡಿಸಿದ ರೀಚಾರ್ಜ್, ನಿಮ್ಮ ಹೆಸರಲ್ಲಿ ಇಎಂಐ ಹಾಕಿ ಕೊಡಿಸಿದ ಮೊಬೈಲು, ಗಿರವಿ ಇಟ್ಟ ಒಡವೆ, ಅವರ ಗೆಳೆಯರಿಗೆ ಹೋದ ಹಣ ಎಲ್ಲವನ್ನೂ ಸೇರಿಸಿ.

ಪ್ರತಿ ಸಾಲಿನ ಮುಂದೆ ಮೂರು ಸಂಗತಿ ಬರೆಯಿರಿ: ಯಾರು ಬಾಯಿ ಬಿಟ್ಟು ಕೇಳಿದ್ದು, ಏನು ಕಾರಣ ಕೊಟ್ಟಿದ್ದು, ಕೊಟ್ಟ ಮಾರನೆ ದಿನದಿಂದ ಒಂದು ವಾರ ಮಾತುಕತೆ ಹೇಗಿತ್ತು. ಮೂರನೆಯದಕ್ಕೆ ವಾಟ್ಸಾಪ್ ತೆರೆದು ಆ ತಾರೀಖಿನ ಸುತ್ತಮುತ್ತ ಓದಿ. ಸಂಬಳಕ್ಕೆ ಎರಡು ದಿನ ಮುಂಚೆ ಸಿಹಿಯಾಗಿ, ದುಡ್ಡು ಹೋದ ಮೇಲೆ ಒಂದಕ್ಷರದ ಉತ್ತರವಾಗಿ, ಮತ್ತೆ ತಿಂಗಳ ಕೊನೆಗೆ ಸಿಹಿಯಾಗಿ ಮಾತು ಏರಿಳಿಯುತ್ತಿದ್ದರೆ ಅದು ನಿಮ್ಮ ಕಣ್ಣೆದುರೇ ಇರುತ್ತದೆ. ಯಾರೂ ಬೇರೆ ಹೇಳಬೇಕಿಲ್ಲ. ನೀವಾಗಿಯೇ ಪ್ರೀತಿಯಿಂದ ಕೊಡಿಸಿದ ಸೀರೆ, ಶರ್ಟುಗಳನ್ನು ಪ್ರತ್ಯೇಕ ಹಾಳೆಯಲ್ಲಿ ಬರೆಯಿರಿ, ಅವು ಅವರ ತಪ್ಪಲ್ಲ.

ಬರೆಯುವಾಗ ನಾಚಿಕೆ ಆಗುತ್ತದೆ. ಆಗಲಿ, ಬರೆಯುವುದನ್ನು ನಿಲ್ಲಿಸಬೇಡಿ.

ಹೆಜ್ಜೆ 3: ಒಂದು ತಿಂಗಳು ಖರ್ಚಿಲ್ಲದೆ ಓಡಾಡಿ

ಕೆಲವರು 'ಕೆಲಸ ಹೋಯ್ತು ಅಂತ ಸುಳ್ಳು ಹೇಳಿ ಪರೀಕ್ಷೆ ಮಾಡು' ಎಂದು ಸಲಹೆ ಕೊಡುತ್ತಾರೆ. ನಾನು ಒಪ್ಪುವುದಿಲ್ಲ. ಎದುರಿನವರು ಪ್ರಾಮಾಣಿಕರಾಗಿದ್ದರೆ ನಿಮ್ಮ ಸುಳ್ಳು ಅವರ ನಂಬಿಕೆ ಕೆಡಿಸುತ್ತದೆ. ಪ್ರಾಮಾಣಿಕರಲ್ಲದಿದ್ದರೆ ಸುಳ್ಳಿಲ್ಲದೆಯೂ ಗೊತ್ತಾಗುತ್ತದೆ. ಇದ್ದದ್ದನ್ನೇ ಹೇಳಿ: 'ಈ ತಿಂಗಳು ಖರ್ಚು ಕಡಿಮೆ ಮಾಡಬೇಕು ಅಂತ ಮಾಡೀನಿ. ಮಾಲು, ಹೋಟೆಲು ಬ್ಯಾಡ.'

ನಮ್ಮೂರಲ್ಲಿ ಖರ್ಚಿಲ್ಲದೆ ಜೊತೆಗಿರುವುದು ಕಷ್ಟವಲ್ಲ. ಕುಂದುವಾಡ ಕೆರೆ ಏರಿಯ ಮೇಲೆ ಸಂಜೆ ನಡೆಯಬಹುದು. ಒಂದು ಪ್ಲೇಟ್ ಮಂಡಕ್ಕಿ ಮಿರ್ಚಿಯನ್ನು ಇಬ್ಬರೂ ಹಂಚಿಕೊಂಡು ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದು. ಭಾನುವಾರ ಬೆಳಗ್ಗೆ ಬಸ್ಸು ಹತ್ತಿ ಹರಿಹರಕ್ಕೆ ಹೋಗಿ, ಹೊಯ್ಸಳರ ಕಾಲದ ಹರಿಹರೇಶ್ವರ ದೇವಸ್ಥಾನದ ಕಲ್ಲುಕಂಬಗಳ ನಡುವೆ ಕೂತು, ತುಂಗಭದ್ರೆ ನೋಡಿಕೊಂಡು ಮಧ್ಯಾಹ್ನದ ಊಟಕ್ಕೆ ವಾಪಸ್ ಬರಬಹುದು. ಪುರುಸೊತ್ತಿದ್ದರೆ ಚಿತ್ರದುರ್ಗದ ಕೋಟೆ ಹತ್ತಿ ಬನ್ನಿ. ಬಸ್ ಚಾರ್ಜು ಅವರವರದೇ. ಬೆಣ್ಣೆ ದೋಸೆ ತಿಂದರೆ ಈ ಸಲ ನೀವು, ಮುಂದಿನ ಸಲ ಅವರು.

ನಿಮ್ಮನ್ನು ಮೆಚ್ಚಿ ಬಂದವರಿಗೆ ಈ ತಿಂಗಳು ಏನೂ ಕಡಿಮೆ ಅನ್ನಿಸುವುದಿಲ್ಲ. ಎಷ್ಟೋ ಸಲ ಅವರಿಗೇ ಹಗುರಾಗುತ್ತದೆ, ಯಾಕೆಂದರೆ ನೀವು ಖರ್ಚು ಮಾಡುವಾಗ ಸರಿಸಮ ನಿಲ್ಲಲಾಗದೆ ಅವರು ಕುಗ್ಗಿರುತ್ತಾರೆ. ದುಡ್ಡಿಗೆ ಬಂದವರಿಗೆ ಮಾತ್ರ ಇದ್ದಕ್ಕಿದ್ದಂತೆ ಕೆಲಸ ಜಾಸ್ತಿಯಾಗುತ್ತದೆ, ತಲೆನೋವು ಬರುತ್ತದೆ, ಕೆರೆ ಏರಿ ಬೋರಾಗುತ್ತದೆ. ಒಂದು ದಿನದ ತಲೆನೋವನ್ನು ಹಿಡಿದು ತೀರ್ಪು ಕೊಡಬೇಡಿ. ನಾಲ್ಕು ವಾರವನ್ನೂ ನೋಡಿ.

ಹೆಜ್ಜೆ 4: ಒಂದು ಸಲ 'ಇಲ್ಲ' ಅನ್ನಿ

ನೂರು ಲಕ್ಷಣಗಳ ಪಟ್ಟಿಗಿಂತ ಈ ಒಂದು ಮಾತು ಹೆಚ್ಚು ತಿಳಿಸುತ್ತದೆ. ಮುಂದಿನ ಸಲ ಹಣ ಕೇಳಿದಾಗ ನೆಪ ಹುಡುಕಬೇಡಿ. 'ಎಟಿಎಂ ಕಾರ್ಡ್ ಬ್ಲಾಕ್ ಆಗೈತಿ' ಅಂದರೆ 'ಯುಪಿಐ ಮಾಡು' ಅನ್ನುತ್ತಾರೆ. ನೆಪಕ್ಕೆ ಉತ್ತರ ಇದ್ದೇ ಇರುತ್ತದೆ, 'ಇಲ್ಲ'ಕ್ಕೆ ಇರುವುದಿಲ್ಲ. ಹೀಗೆ ಹೇಳಿ: 'ಈ ಸಲ ಕೊಡಲ್ಲ. ಮುಂದೇನೂ ದುಡ್ಡಿನ ವಿಷಯ ನಮ್ಮಿಬ್ಬರ ನಡುವೆ ಬ್ಯಾಡ. ನಿನ್ನ ಕಷ್ಟಕ್ಕೆ ಬೇರೆ ದಾರಿ ಏನೈತಿ, ಕೂತು ನೋಡಾಣ.' ಕೊನೆಯ ಮಾತು ಮುಖ್ಯ. ಸ್ಕಾಲರ್‌ಶಿಪ್ ಅರ್ಜಿ, ಕಾಲೇಜಿನಲ್ಲಿ ಫೀಸಿಗೆ ಕಂತು, ಪಾರ್ಟ್‌ಟೈಮ್ ಕೆಲಸ, ಬ್ಯಾಂಕಿನ ಶಿಕ್ಷಣ ಸಾಲ ಹೀಗೆ ದಾರಿ ಹುಡುಕಲು ನಿಜವಾಗಿಯೂ ಜೊತೆ ಕೂರಿ.

ಬೇಸರ, ಅವಮಾನ, ಒಂದೆರಡು ದಿನದ ಮೌನ ಸಹಜ. ಕೇಳಿ ಇಲ್ಲ ಅನ್ನಿಸಿಕೊಂಡವರಿಗೆ ಮುಖ ಬಾಡುತ್ತದೆ. ನೀವು ಎಚ್ಚರವಾಗಬೇಕಾದದ್ದು ಶಿಕ್ಷೆ ಶುರುವಾದಾಗ. ಫೋನ್ ಬ್ಲಾಕ್ ಮಾಡಿ, ದುಡ್ಡು ಹಾಕಿದ ಕೂಡಲೇ ತೆಗೆಯುವುದು. 'ಅವಳ ಬಾಯ್‌ಫ್ರೆಂಡ್ ಐಫೋನ್ ಕೊಡಿಸಿದಾನೆ' ಎಂದು ಹೋಲಿಸಿ ಹಂಗಿಸುವುದು. 'ಇಷ್ಟು ಮಾಡಕ್ಕಾಗಲ್ಲ ಅಂದ್ರೆ ನೀನೆಂಥ ಗಂಡಸು' ಅನ್ನುವುದು. 'ನಿನ್ನ ಸಂಬಳ ಇನ್ನು ನನ್ನ ಅಕೌಂಟಿಗೆ ಬರಲಿ, ಮದುವೆ ಆಗೋರು ತಾನೆ' ಎಂದು ಹುಡುಗಿಯ ಪಾಸ್‌ಬುಕ್ಕಿಗೆ ಕೈ ಹಾಕುವುದು. ಇವು ಪ್ರೀತಿಯ ಜಗಳಗಳಲ್ಲ. 'ಇಲ್ಲ' ಎಂಬ ಒಂದು ಮಾತಿಗೆ ಸಂಬಂಧವೇ ನಿಂತುಹೋದರೆ, ಅದನ್ನು ಅಲ್ಲಿಯವರೆಗೆ ನಡೆಸುತ್ತಿದ್ದದ್ದು ಏನು ಎಂದು ನಿಮಗೇ ತಿಳಿಯುತ್ತದೆ.

'ದುಡ್ಡು ಕೊಡದಿದ್ರೆ ಸಾಯ್ತೀನಿ' ಎಂದರೆ ಆ ಮಾತನ್ನು ಹಗುರವಾಗಿ ತಗೊಳ್ಳಬೇಡಿ, ಆದರೆ ಅದಕ್ಕೆ ದುಡ್ಡಿನಿಂದ ಉತ್ತರ ಕೊಡಬೇಡಿ. ಕೂಡಲೇ ಅವರ ಮನೆಯವರಿಗೋ ರೂಮಿನವರಿಗೋ ತಿಳಿಸಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಪ್ರಾಣಕ್ಕೆ ಅಪಾಯ ಅನ್ನಿಸಿದರೆ 112ಕ್ಕೆ ಕರೆ ಮಾಡಿ. ಜೀವ ಉಳಿಸುವ ಕೆಲಸ ಇದು, ಗೂಗಲ್ ಪೇ ಅಲ್ಲ.

ಹೆಜ್ಜೆ 5: ಒಬ್ಬರಿಗಾದರೂ ಹೇಳಿ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ಇಡುತ್ತೀರಿ ಅಂತಾದರೆ ಇದನ್ನು ಇಡಿ.

ನಮ್ಮ ಕಡೆ ಪ್ರೀತಿಯನ್ನೇ ಮನೆಯಿಂದ ಮುಚ್ಚಿಡಬೇಕು. ಪಿ.ಜೆ. ಬಡಾವಣೆಯಲ್ಲಿ ಒಟ್ಟಿಗೆ ಓಡಾಡಿದ್ದನ್ನು ಚಿಕ್ಕಪ್ಪ ನೋಡಿದರೆ ಸಂಜೆಯೊಳಗೆ ಮನೆಯಲ್ಲಿ ಪಂಚಾಯ್ತಿ. ಹುಡುಗಿಯಾಗಿದ್ದರೆ ಓದೂ ನಿಲ್ಲಬಹುದು, ಕೆಲಸವೂ ನಿಲ್ಲಬಹುದು. ಆ ಭಯದಲ್ಲಿ ಪ್ರೀತಿಯ ಜೊತೆಗೇ ದುಡ್ಡಿನ ವಿಷಯವೂ ಮುಚ್ಚಿಹೋಗುತ್ತದೆ. ದುಡ್ಡಿಗೆ ಬಂದವರು ಇದನ್ನು ಚೆನ್ನಾಗಿ ಬಲ್ಲರು. ಮೊದಲು 'ನಮ್ಮ ವಿಷಯ ಯಾರಿಗೂ ಬ್ಯಾಡ' ಎಂದು ನಿಮ್ಮನ್ನು ಒಂಟಿ ಮಾಡುತ್ತಾರೆ, ನಿಮ್ಮ ಗೆಳತಿಯ ಬಗ್ಗೆ ಚಾಡಿ ಹೇಳಿ ದೂರ ಮಾಡುತ್ತಾರೆ. ಕೊನೆಗೆ ಒಂದು ದಿನ ಅದೇ ಗುಟ್ಟನ್ನು 'ನಿಮ್ಮಪ್ಪಂಗೆ ಹೇಳ್ಲಾ?' ಎಂಬ ಬೆದರಿಕೆ ಮಾಡಿಕೊಳ್ಳುತ್ತಾರೆ. ಮನೆಯವರ ಬಿಗಿಯೇ ಮಕ್ಕಳನ್ನು ಇಂಥವರ ಕೈಗೆ ಕೊಡುತ್ತದೆ ಎಂಬುದನ್ನು ಇದನ್ನು ಓದುವ ಅಪ್ಪ ಅಮ್ಮಂದಿರೂ ದಯವಿಟ್ಟು ಯೋಚಿಸಬೇಕು.

ಯಾರಿಗೆ ಹೇಳುವುದು? ಬೈದರೂ ಕೈಬಿಡದವರಿಗೆ. ಮದುವೆಯಾಗಿ ಬೇರೆ ಊರಲ್ಲಿರುವ ಅಕ್ಕ, ಸೋದರತ್ತೆಯ ಮಗ, ಹಾಸ್ಟೆಲ್ಲಿನಲ್ಲಿ ಜೊತೆಗಿದ್ದ ಗೆಳತಿ, ಆಫೀಸಿನ ಹಿರಿಯರು, ಯಾರಾದರೂ ಸರಿ. ಹೇಳುವಾಗ ಎರಡನೇ ಹೆಜ್ಜೆಯ ನೋಟ್‌ಬುಕ್ ಅವರ ಕೈಗೆ ಕೊಡಿ. 'ನಂಗೆ ಬುದ್ಧಿ ಹೇಳಬ್ಯಾಡ ಅಕ್ಕ, ಮೊದಲು ಇದನ್ನ ಓದು' ಅನ್ನಿ. ಹೊರಗಿನ ಕಣ್ಣಿಗೆ ಎರಡು ನಿಮಿಷದಲ್ಲಿ ಕಾಣುವುದು ನಮಗೆ ಎರಡು ವರ್ಷ ಕಾಣದೆ ಇರಬಹುದು.

ಇನ್ನೊಂದು ಕಡೆಯಿಂದಲೂ ಗುಟ್ಟು ತೆರೆಯಿರಿ. ಅವರ ಕಡೆಯ ಒಬ್ಬರನ್ನಾದರೂ ಭೇಟಿ ಮಾಡಿಸಲು ಕೇಳಿ. ಮನೆಯವರೇ ಬೇಕೆಂದಿಲ್ಲ, ಅವರ ತಂಗಿ, ರೂಮ್‌ಮೇಟ್, ಕೆಲಸದ ಜಾಗದ ಗೆಳೆಯ ಸಾಕು. ವರ್ಷವಾದರೂ ಅವರ ಬದುಕಿನ ಒಬ್ಬರ ಮುಖವನ್ನೂ ನೀವು ಕಂಡಿಲ್ಲವೆಂದರೆ ಅವರು ತಮ್ಮ ಬದುಕಿನೊಳಗೆ ನಿಮಗೆ ಜಾಗ ಕೊಟ್ಟಿಲ್ಲ.

ಹೆಜ್ಜೆ 6: ಕಾಗದ ಪತ್ರದ ವಿಷಯದಲ್ಲಿ ಗಟ್ಟಿಯಾಗಿರಿ

ಇಲ್ಲಿಯವರೆಗೆ ಹೇಳಿದ್ದು ಮನಸ್ಸಿನ ವಿಷಯ. ಇದು ನನ್ನ ಟೇಬಲ್ಲಿನ ವಿಷಯ, ಇಲ್ಲಿ ನನಗೆ ಯಾವ ಮುಲಾಜೂ ಇಲ್ಲ. ಸಂಬಂಧ ಎಷ್ಟೇ ಒಳ್ಳೆಯದಾಗಿರಲಿ, ಮದುವೆಗೆ ಮುಂಚೆ ಈ ಕೆಲಸಗಳನ್ನು ಮಾಡಬೇಡಿ.

ಜಾಮೀನು ಹಾಕಬೇಡಿ. 'ಬರೀ ಫಾರ್ಮಾಲಿಟಿ' ಅನ್ನುವ ಮಾತು ಸುಳ್ಳು. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ಸಾಲ ಪಡೆದವರನ್ನು ಬಿಟ್ಟು ನೇರ ನಿಮ್ಮನ್ನೇ ಹಿಡಿಯುವ ಅಧಿಕಾರ ಬ್ಯಾಂಕಿಗಿದೆ. ಅವರು ಕಂತು ತಪ್ಪಿಸಿದರೆ ನಿಮ್ಮ ಸಿಬಿಲ್ ಸ್ಕೋರೂ (ಸಾಲ ಕೊಡುವ ಮುಂಚೆ ಬ್ಯಾಂಕು ನೋಡುವ ಅಂಕ) ಕೆಡುತ್ತದೆ.

ನಿಮ್ಮ ಹೆಸರಲ್ಲಿ ಸಾಲ, ಮೊಬೈಲ್ ಇಎಂಐ, ಬೈಕ್ ಲೋನು ಮಾಡಿಸಿ ಅವರಿಗೆ ಕೊಡಬೇಡಿ. ಕಾಗದದಲ್ಲಿ ಹೆಸರಿರುವವರೇ ಸಾಲಗಾರರು. ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ. ಅಮ್ಮನ ಒಡವೆ ಗಿರವಿಗೆ ತರಬೇಡಿ.

ನಿಮ್ಮ ಬ್ಯಾಂಕ್ ಖಾತೆ, ಎಟಿಎಂ ಕಾರ್ಡು, ಸಿಮ್ಮುಗಳನ್ನು 'ನಂಗೊಂದು ಪೇಮೆಂಟ್ ಬರಬೇಕು' ಎಂದು ಕೇಳಿದರೂ ಕೊಡಬೇಡಿ. ಸೈಬರ್ ವಂಚಕರು ಕದ್ದ ಹಣ ಸಾಗಿಸಲು ಇಂಥ ಬಾಡಿಗೆ ಖಾತೆಗಳನ್ನೇ ಬಳಸುತ್ತಾರೆ. ಖಾತೆ ಫ್ರೀಜ್ ಆಗುವುದು ನಿಮ್ಮದು, ಬೇರೆ ರಾಜ್ಯದ ಪೊಲೀಸರ ನೋಟಿಸ್ ಬರುವುದು ನಿಮ್ಮ ಮನೆಗೆ.

ಸೈಟಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಮೊತ್ತ ದೊಡ್ಡದು. 'ಹೊಸ ಲೇಔಟಿನಲ್ಲಿ ಸೈಟ್ ಬಿದ್ದಿದೆ, ಸದ್ಯ ನನ್ನ ಹೆಸರಿಗೆ ಮಾಡಿಸೋಣ, ಮದುವೆ ಆದ್ಮೇಲೆ ಇಬ್ಬರದೂ' ಅನ್ನುವ ಮಾತಿಗೆ ಒಪ್ಪಬೇಡಿ. ನಿಮ್ಮ ಹಣದಿಂದ ಇನ್ನೊಬ್ಬರ ಹೆಸರಲ್ಲಿ ಕೊಂಡ ಆಸ್ತಿಯನ್ನು 1988ರ ಬೇನಾಮಿ ಕಾಯ್ದೆ ಬೇನಾಮಿ ಎಂದೇ ನೋಡುತ್ತದೆ. ಗಂಡ ಹೆಂಡತಿ, ಮಕ್ಕಳಿಗೆ ಅದರಲ್ಲಿ ವಿನಾಯಿತಿ ಇದೆ, ಪ್ರೇಮಿಗೆ ಇಲ್ಲ. ನಾಳೆ 'ಅದು ನನ್ನ ದುಡ್ಡು' ಎಂದು ಕೋರ್ಟಿಗೆ ಹೋದರೂ ಆ ಕಾಯ್ದೆಯೇ ನಿಮಗೆ ಅಡ್ಡ ಬರುತ್ತದೆ. ಜೊತೆಯಾಗಿ ಕೊಳ್ಳುವುದಾದರೆ ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಇರಲಿ, ಇಬ್ಬರ ಹಣವೂ ಬ್ಯಾಂಕಿನ ಮೂಲಕವೇ ಹೋಗಲಿ.

ಇಷ್ಟರ ಮೇಲೂ ನಿಜವಾದ ಕಷ್ಟಕ್ಕೆ ಕೊಡಬೇಕು ಅನ್ನಿಸಿದರೆ, ಕೊಡುವ ಮುಂಚೆಯೇ ನಿರ್ಧರಿಸಿ: ಇದು ಉಡುಗೊರೆಯೋ, ಸಾಲವೋ? ಉಡುಗೊರೆಯಾದರೆ ಮತ್ತೆ ಆ ಮಾತು ಎತ್ತಬೇಡಿ. ಸಾಲವಾದರೆ ನಗದು ಬೇಡ, ಬ್ಯಾಂಕ್ ಖಾತೆಗೆ ಹಾಕಿ, ರಿಮಾರ್ಕ್ಸ್ ಜಾಗದಲ್ಲಿ 'ಕೈಗಡ' ಎಂದು ಬರೆಯಿರಿ. ₹20,000 ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನೂ ಅಡ್ಡಿ. ವಾಟ್ಸಾಪ್‌ನಲ್ಲಿ ಮೊತ್ತ, ತಾರೀಖು, ತೀರಿಸುವ ದಿನ ಬರೆಸಿಕೊಳ್ಳಿ. ದೊಡ್ಡ ಮೊತ್ತಕ್ಕೆ ರೆವಿನ್ಯೂ ಸ್ಟ್ಯಾಂಪ್ ಅಂಟಿಸಿದ ಪ್ರಾಮಿಸರಿ ನೋಟು (ಇಷ್ಟು ಹಣ ತೀರಿಸುತ್ತೇನೆ ಎಂದು ಸಹಿ ಹಾಕಿದ ಪತ್ರ) ಮಾಡಿಸಿ. 'ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ' ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಕೈಸಾಲ ವಸೂಲಿಗೆ ದಾವೆ ಹಾಕಲು ಕಾನೂನು ಕೊಡುವುದು 3 ವರ್ಷ. ಅಷ್ಟರೊಳಗೆ ಅವರು ಸಾಲ ಒಪ್ಪಿ ಬರೆದುಕೊಟ್ಟರೆ ಅಲ್ಲಿಂದ ಮತ್ತೆ 3 ವರ್ಷ ಸಿಗುತ್ತದೆ.

ಮುಖವನ್ನೇ ನೋಡಿಲ್ಲದ ಪ್ರೀತಿಯಾಗಿದ್ದರೆ

ಇನ್‌ಸ್ಟಾಗ್ರಾಂ, ಮ್ಯಾಟ್ರಿಮೊನಿ ಆ್ಯಪ್‌ನಲ್ಲಿ ಪರಿಚಯವಾಗಿ ಒಮ್ಮೆಯೂ ಎದುರಾಗದವರು ದುಡ್ಡು ಕೇಳಿದರೆ ಮೇಲಿನ ಯಾವ ಹೆಜ್ಜೆಯೂ ಬೇಡ, ಅಲ್ಲಿಗೇ ನಿಲ್ಲಿಸಿ. 'ವಿದೇಶದಿಂದ ಗಿಫ್ಟ್ ಕಳಿಸಿದ್ದೀನಿ, ಕಸ್ಟಮ್ಸ್ ಕಟ್ಟು' ಎಂಬುದು ಹಳೆಯ ಮೋಸ. ಈಗಿನದು ಶೇರು, ಕ್ರಿಪ್ಟೊ ಆ್ಯಪ್. ವಾರಗಟ್ಟಲೆ ಪ್ರೀತಿಯಿಂದ ಮಾತಾಡಿ, 'ನಾನು ಇದರಲ್ಲೇ ದುಡ್ಡು ಮಾಡಿದ್ದು' ಎಂದು ಒಂದು ಲಿಂಕ್ ಕಳಿಸುತ್ತಾರೆ. ಮೊದಲು ₹5,000 ಹಾಕಿಸಿ ಲಾಭದ ಸಮೇತ ವಾಪಸ್ ಕೊಡುತ್ತಾರೆ. ಆ ನಂಬಿಕೆಯ ಮೇಲೆ ಲಕ್ಷಗಟ್ಟಲೆ ಹಾಕಿಸಿ, ತೆಗೆಯಲು ಹೋದರೆ 'ಟ್ಯಾಕ್ಸ್ ಕಟ್ಟಿದ್ರೆ ಮಾತ್ರ' ಅನ್ನುತ್ತಾರೆ.

ಹಣ ಹೋಗಿದ್ದರೆ ಮನೆಯಲ್ಲಿ ಹೇಳುವುದು ಹೇಗೆಂದು ರಾತ್ರಿಯಿಡೀ ಕೂರಬೇಡಿ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮುಂಚೆ ತಡೆಹಿಡಿಸಲು ಮೊದಲ ಕೆಲವು ಗಂಟೆಗಳೇ ಮುಖ್ಯ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಿ, ನಂತರ ಜಿಲ್ಲೆಯ ಸಿಇಎನ್ ಠಾಣೆಗೆ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ ಪೊಲೀಸ್ ಠಾಣೆ) ಹೋಗಿ. ಯುಟಿಆರ್ ನಂಬರ್ (ಹಣ ಕಳಿಸಿದ್ದಕ್ಕೆ ಬ್ಯಾಂಕು ಕೊಡುವ ಗುರುತಿನ ಸಂಖ್ಯೆ), ಸ್ಟೇಟ್‌ಮೆಂಟ್, ಚಾಟ್‌ನ ಸ್ಕ್ರೀನ್‌ಶಾಟ್ ಜೊತೆಗಿರಲಿ. ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ.

ಮದುವೆಯ ಮಾತು ಬಂದಾಗ

ಪ್ರೀತಿಸಿದವರೇ 'ನಮ್ಮ ಮನೇಲಿ ಒಪ್ಪಬೇಕಂದ್ರೆ ಇಷ್ಟು ಬಂಗಾರ, ಒಂದು ಕಾರು' ಅಂದರೆ ಅದು ವರದಕ್ಷಿಣೆಯೇ. 1961ರ ಕಾಯ್ದೆಯ ಪ್ರಕಾರ ಕೊಡುವುದೂ ತಪ್ಪು, ತಗೊಳ್ಳುವುದೂ ತಪ್ಪು, ಬಾಯಿ ಬಿಟ್ಟು ಕೇಳುವುದೂ ತಪ್ಪು. ಹಿರಿಯರ ಎದುರು ಚಾಪೆ ಹಾಸಿ ಕೂತು ಕೇಳಿದ ಮಾತ್ರಕ್ಕೆ ದುರಾಸೆ ಮರ್ಯಾದೆಯ ವಿಷಯವಾಗುವುದಿಲ್ಲ. ಎರಡು ವರ್ಷ ಪ್ರೀತಿಸಿ ಕೊನೆಗೆ ಅಪ್ಪ ಅಮ್ಮನ ಹಿಂದೆ ನಿಂತು ಕೇಳಿಸುವ ಹುಡುಗನನ್ನು ನಾನಾದರೆ ಬಿಟ್ಟುಬಿಡು ಎನ್ನುತ್ತೇನೆ.

ಹೆಜ್ಜೆ 7: ಹೊರಗೆ ಬರುವುದು

ನಿರ್ಧಾರ ಆದ ಮೇಲೆ ಮಾತಿಗೆ ಮುಂಚೆ ಬಾಗಿಲು ಭದ್ರ ಮಾಡಿ. ಯುಪಿಐ ಪಿನ್, ನೆಟ್ ಬ್ಯಾಂಕಿಂಗ್, ಜಿಮೇಲ್, ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಎಲ್ಲವನ್ನೂ ಬದಲಾಯಿಸಿ. ವಾಟ್ಸಾಪ್‌ನ 'ಲಿಂಕ್ಡ್ ಡಿವೈಸಸ್' ನೋಡಿ, ಗೊತ್ತಿಲ್ಲದ್ದನ್ನು ತೆಗೆಯಿರಿ. ಅವರ ಫೋನಿನ ಶಾಪಿಂಗ್ ಆ್ಯಪ್‌ನಲ್ಲಿ ನಿಮ್ಮ ಕಾರ್ಡ್ ಸೇವ್ ಆಗಿದ್ದರೆ ಬ್ಯಾಂಕಿಗೆ ಹೇಳಿ ಕಾರ್ಡ್ ಬದಲಿಸಿಕೊಳ್ಳಿ. ನಿಮ್ಮ ಹೆಸರಿನ ಸಿಮ್ ಅವರ ಹತ್ತಿರ ಇದ್ದರೆ ನಿಲ್ಲಿಸಿ.

ಆಮೇಲೆ ಹಗಲು ಹೊತ್ತಿನಲ್ಲಿ, ಜನ ಓಡಾಡುವ ಕಡೆ ಭೇಟಿಯಾಗಿ ಹೇಳಿ. ಗಾಜಿನ ಮನೆಯ ಬೆಂಚು ಆಗಬಹುದು, ರೂಮು ಬೇಡ. ಐದನೇ ಹೆಜ್ಜೆಯಲ್ಲಿ ಹೇಳಿದವರು ಅಷ್ಟು ದೂರದಲ್ಲಿ ಕೂತಿರಲಿ. ಸಿಟ್ಟಿನ ಸ್ವಭಾವದವರಾಗಿದ್ದರೆ ಫೋನಿನಲ್ಲೇ ಮುಗಿಸಿ, ಅದರಲ್ಲಿ ಹೇಡಿತನ ಇಲ್ಲ. ಮಾತು ಚಿಕ್ಕದಿರಲಿ: 'ನಂಗೆ ಇದು ಮುಂದುವರಿಸೋಕೆ ಆಗಲ್ಲ. ಸಾಲ ಅಂತ ತಗೊಂಡಿದ್ದು ಇಷ್ಟೈತಿ, ಈ ತಾರೀಖಿನೊಳಗೆ ಹಾಕು.' 'ನೀನು ದುಡ್ಡಿಗೇ ಬಂದವಳು' ಎಂದು ಸಾಬೀತು ಮಾಡಲು ಹೋಗಬೇಡಿ, ಅದು ಮುಗಿಯದ ವಾದ. ಅದೇ ಮಾತನ್ನು ವಾಟ್ಸಾಪ್‌ನಲ್ಲೂ ಮರ್ಯಾದೆಯಿಂದ ಬರೆದು ಕಳಿಸಿ. 'ಕೊಡ್ತೀನಿ, ಟೈಮ್ ಬೇಕು' ಎಂದು ಉತ್ತರ ಬಂದರೂ ಅದು ನಿಮಗೆ ಸಾಕ್ಷಿ.

ಹಣ ವಾಪಸ್ ಬರುತ್ತದೆಯೇ? ಉಡುಗೊರೆ ಕೊಟ್ಟದ್ದು ಹೋಯಿತು. ಸಾಲಕ್ಕೆ ಪುರಾವೆ ಇದ್ದರೆ ವಕೀಲರಿಂದ ನೋಟಿಸ್ ಕೊಡಿಸಿ, ಆಮೇಲೆ ಸಿವಿಲ್ ದಾವೆ. ಅವರು ಕೊಟ್ಟ ಚೆಕ್ ಬೌನ್ಸ್ ಆದರೆ, ಬ್ಯಾಂಕಿನ ಮೆಮೊ ಸಿಕ್ಕ 30 ದಿನದೊಳಗೆ ನೋಟಿಸ್ ಹೋಗಬೇಕು. ನೋಟಿಸ್ ತಲುಪಿದ 15 ದಿನದಲ್ಲಿ ಹಣ ಬಾರದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂನಡಿ ಕೇಸು ಹಾಕಬಹುದು. ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂನಲ್ಲಿ ವಂಚನೆಯ ದೂರಿಗೂ ಅವಕಾಶವಿದೆ, ಆದರೆ ಮೋಸ ಮಾಡುವ ಉದ್ದೇಶ ಮೊದಲಿನಿಂದಲೇ ಇತ್ತೆಂದು ತೋರಿಸಬೇಕಾಗುತ್ತದೆ. ಸಾಲ ತೀರಿಸಲಿಲ್ಲ ಅನ್ನುವುದಷ್ಟೇ ವಂಚನೆಯಾಗುವುದಿಲ್ಲ. ವಕೀಲರ ಫೀಸಿಗೆ ಹೆದರಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಸಹಾಯವಾಣಿ 15100. ಲೋಕ ಅದಾಲತ್‌ನಲ್ಲಿ ಕಂತಿನ ಮೇಲೆ ರಾಜಿಯಾಗುವುದೂ ಒಳ್ಳೆಯ ದಾರಿಯೇ. 'ನಮ್ಮ ಹುಡುಗ್ರನ್ನ ಕಳಿಸಿ ವಸೂಲಿ ಮಾಡಿಸ್ತೀನಿ' ಅನ್ನುವವರ ಹತ್ತಿರ ಮಾತ್ರ ಹೋಗಬೇಡಿ. ಕೇಸು ನಿಮ್ಮ ಮೇಲೇ ತಿರುಗುತ್ತದೆ.

ಫೋಟೋ, ವಿಡಿಯೊ ಇಟ್ಟುಕೊಂಡು ಹೆದರಿಸಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಒಮ್ಮೆ ಕೊಟ್ಟರೆ ಬೇಡಿಕೆ ನಿಲ್ಲುವುದಿಲ್ಲ, ಬೆಳೆಯುತ್ತದೆ. ಹೆದರಿಸಿ ಹಣ ಕೇಳುವುದು ಸುಲಿಗೆ, ನ್ಯಾಯ ಸಂಹಿತೆಯ 308ನೇ ಕಲಂ. ಖಾಸಗಿ ಚಿತ್ರ ಹರಡುವುದು ಐಟಿ ಕಾಯ್ದೆಯಡಿ ಬೇರೆಯೇ ಅಪರಾಧ. ಬೆದರಿಕೆಯ ಮೆಸೇಜುಗಳನ್ನು ನಂಬರು, ತಾರೀಖು ಕಾಣುವಂತೆ ಉಳಿಸಿಕೊಂಡು ಸಿಇಎನ್ ಠಾಣೆಗೆ ಹೋಗಿ. ಹೆಣ್ಣುಮಕ್ಕಳಿಗೆ ಮಹಿಳಾ ಸಹಾಯವಾಣಿ 181 ಇದೆ. ಒಬ್ಬರೇ ಹೋಗಲು ಹೆದರಿಕೆಯಾದರೆ ಅಕ್ಕನನ್ನೋ ಗೆಳತಿಯನ್ನೋ ಕರೆದುಕೊಂಡು ಹೋಗಿ. ಅವಮಾನ ಪಡಬೇಕಾದವರು ಹೆದರಿಸಿದವರು, ನೀವಲ್ಲ.

ಬಿಟ್ಟು ಬಂದ ಮೇಲೆ ಮಾಡುವ ಮೂರು ಕೆಲಸ

ಸಿಬಿಲ್‌ನಂಥ ಪ್ರತಿ ಕ್ರೆಡಿಟ್ ಸಂಸ್ಥೆ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಬೇಕೆಂಬ ನಿಯಮವಿದೆ. ತೆಗೆಸಿ ನೋಡಿ. ನಿಮಗೆ ಗೊತ್ತಿಲ್ಲದ ಸಾಲ, ನಿಮ್ಮ ಪಾನ್ ಕಾರ್ಡ್ ಬಳಸಿ ಲೋನ್ ಆ್ಯಪ್‌ನಲ್ಲಿ ಎತ್ತಿದ ಹಣ ಅಲ್ಲಿ ಕಾಣುತ್ತದೆ. ಕಂಡರೆ ಆ ಸಂಸ್ಥೆಗೂ ಸಾಲ ಕೊಟ್ಟವರಿಗೂ ತಕರಾರು ಸಲ್ಲಿಸಿ, ಪೊಲೀಸ್ ದೂರಿನ ಪ್ರತಿ ಲಗತ್ತಿಸಿ. ನಿಮ್ಮದೇ ಹೆಸರಿನ ಇಎಂಐ ಉಳಿದಿದ್ದರೆ ಸಿಟ್ಟಿಗೆ ನಿಲ್ಲಿಸಬೇಡಿ, ಬಡ್ಡಿಯೂ ದಂಡವೂ ನಿಮ್ಮ ತಲೆಗೇ ಬರುತ್ತದೆ. ಆದಷ್ಟು ಬೇಗ ಪೂರ್ತಿ ಕಟ್ಟಿ ಎನ್‌ಒಸಿ (ಬಾಕಿ ಏನೂ ಇಲ್ಲ ಎಂಬ ಪತ್ರ) ಪಡೆಯಿರಿ. ಗಿರವಿಯಲ್ಲಿರುವ ಒಡವೆಗೆ ಗಡುವಿನೊಳಗೆ ಬಡ್ಡಿಯಾದರೂ ಕಟ್ಟಿ ನವೀಕರಿಸಿ, ಇಲ್ಲವಾದರೆ ಹರಾಜಿಗೆ ಹೋಗುತ್ತದೆ. ಕಷ್ಟವಾಗಿದ್ದರೆ ಸಾಲದ ವಿಭಾಗಕ್ಕೆ ಬಂದು ಇದ್ದದ್ದು ಇದ್ದ ಹಾಗೆ ಹೇಳಿ, ಕಂತು ಮಾಡಿಕೊಡುವ ದಾರಿಗಳಿರುತ್ತವೆ.

ಕೊನೆಯದಾಗಿ ಪಾಸ್‌ಬುಕ್ಕು, ವಿಮೆ, ಪಿಎಫ್ ತೆರೆದು ನಾಮಿನಿ ಯಾರೆಂದು ನೋಡಿ. ಪ್ರೀತಿಯ ಭರದಲ್ಲಿ ಆ ಹೆಸರು ಬರೆಸಿ ಮರೆತುಬಿಟ್ಟವರಿದ್ದಾರೆ. ಬ್ಯಾಂಕಿನಲ್ಲಿ ಅದನ್ನು ಬದಲಿಸಲು ಒಂದು ಹಾಳೆಯ ಫಾರಂ ಸಾಕು, ಹಳೆಯ ನಾಮಿನಿಯ ಸಹಿ ಬೇಕಾಗಿಲ್ಲ.